ರೋಗ ತಡೆಯುವ ತಳಿ, ಬಾಯಿಗೆ ಹಿಡಿಸುವ ಕಾಳು

(ತುಮಕೂರಿನಲ್ಲಿ ರೈತರು ಮತ್ತು ಕೃಷಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಗೋಧಿ ತಳಿಗಳ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ತುಮಕೂರಿನಲ್ಲಿ ನಿಂತು ಗೋಧಿ ಬಗ್ಗೆ ಮಾತಾಡುವುದು ಸ್ವಲ್ಪ ತಮಾಷೆಯೇ. ಶಿರಾದಿಂದ ಕುಣಿಗಲ್‌ವರೆಗೆ ಹುಡುಕಿದರೂ ಗೋಧಿ ಹೊಲ ಕಾಣುವುದು ಕಷ್ಟ. ನಮ್ಮದು ರಾಗಿ ಸೀಮೆ. ಆದರೆ ಗೋಧಿ ನಮ್ಮ ಮನೆಯೊಳಗೆ ಬಂದು ಕೂತು ಬಹಳ ಕಾಲವಾಯಿತು. ಬೆಳಗಿನ ಉಪ್ಪಿಟ್ಟಿಗೆ ಬನ್ಸಿ ರವೆ, ರಾತ್ರಿ ಚಪಾತಿ. ಹಾಗಾಗಿ ಗೋಧಿ ಕಥೆಯನ್ನೂ ಹೇಳುತ್ತೇನೆ, ರಾಗಿ ಕಥೆಯನ್ನೂ ಹೇಳುತ್ತೇನೆ. ಎರಡೂ ಒಂದು ಕಡೆ ಸೇರುತ್ತವೆ. ಅದು ಎಲ್ಲಿ ಅಂತ ಆಮೇಲೆ ನೋಡೋಣ.

ನನ್ನ ಮಾತು ಇಷ್ಟೇ. ಒಂದು ತಳಿ ರೋಗ ತಡೆಯುತ್ತದೆಯೇ ಅನ್ನುವುದು, ಅದರ ಕಾಳು ತಿನ್ನಲು ಚೆನ್ನಾಗಿದೆಯೇ ಅನ್ನುವುದು ಎರಡು ಬೇರೆ ಲೆಕ್ಕ ಅಂತ ನಾವು ಅಂದುಕೊಂಡಿದ್ದೇವೆ. ಮೊದಲನೆಯದು ವಿಜ್ಞಾನಿಗಳ ಕೆಲಸ, ಎರಡನೆಯದು ಅಡುಗೆಮನೆಯ ಕೆಲಸ ಅಂತ. ಹಾಗಿಲ್ಲ. ರೋಗ ಕಾಳನ್ನು ಕೆಡಿಸುತ್ತದೆ. ರೋಗ ತಡೆಯುವ ಗುಣವೂ ಕೆಲವೊಮ್ಮೆ ಕಾಳನ್ನು ಕೆಡಿಸುತ್ತದೆ. ಇನ್ನು ಕಾಳು ಬಾಯಿಗೆ ಹಿಡಿಸದಿದ್ದರೆ ಆ ತಳಿ ಎಷ್ಟೇ ಗಟ್ಟಿಯಾಗಿದ್ದರೂ ಎರಡು ವರ್ಷದಲ್ಲಿ ಹೊಲದಿಂದ ಹೊರಗೆ ಹೋಗುತ್ತದೆ.

ಮೊದಲು ನಮ್ಮ ಹೊಲದಿಂದಲೇ ಶುರು ಮಾಡೋಣ. ರಾಗಿಯ ಬೆಂಕಿ ರೋಗ ನಿಮಗೆಲ್ಲ ಗೊತ್ತು, ಶಿಲೀಂಧ್ರದಿಂದ ಬರುವಂಥದ್ದು. ಎಲೆ ಮೇಲೆ ಕದಿರಿನ ಆಕಾರದ ಚುಕ್ಕೆ, ನಡುವೆ ಬೂದು, ಸುತ್ತ ಕಂದು. ಸಸಿಯಲ್ಲಿ ಬಂದರೆ ಗಾಬರಿಯಾಗುತ್ತದೆ. ಆದರೆ ನಿಜವಾದ ಏಟು ಅದಲ್ಲ. ತೆನೆ ಹೊರಗೆ ಬಂದ ಮೇಲೆ, ಅದರ ಕೆಳಗಿನ ಕುತ್ತಿಗೆ ಕಪ್ಪಾಗುತ್ತದೆ ನೋಡಿ, ಅದು ಏಟು. ಬೇರಿನಿಂದ, ಎಲೆಯಿಂದ ಕಾಳಿಗೆ ಹೋಗಬೇಕಾದ ಆಹಾರ ಅಲ್ಲೇ ನಿಂತುಹೋಗುತ್ತದೆ. ಹೊಲ ದೂರದಿಂದ ಚೆನ್ನಾಗಿಯೇ ಕಾಣುತ್ತದೆ. ತೆನೆ ಬೇಗ ಮಾಗಿದೆ ಅಂತ ಹೊಸಬರು ಖುಷಿ ಪಡುತ್ತಾರೆ. ಕಣದಲ್ಲಿ ತೂರಿದಾಗ ಗೊತ್ತಾಗುತ್ತದೆ, ಅರ್ಧ ಜೊಳ್ಳು. ತೆನೆಯ ಬೆರಳುಗಳಿಗೆ ಬಂದರೆ ತುದಿಯಿಂದ ಒಣಗುತ್ತಾ ಬರುತ್ತದೆ. ತೆನೆ ಬರುವ ಹೊತ್ತಿಗೆ ಮೋಡ, ತುಂತುರು ಮಳೆ, ಬೆಳಗಿನ ಇಬ್ಬನಿ ಸೇರಿದರೆ ಶಿಲೀಂಧ್ರಕ್ಕೆ ಹಬ್ಬ. ಅದರ ಮೇಲೆ ಯೂರಿಯಾ ಜಾಸ್ತಿ ಹಾಕಿದ್ದರೆ ಕೇಳುವುದೇ ಬೇಡ. ಮಳೆಯಾಶ್ರಯದ ರಾಗಿಗೆ ಎಕರೆಗೆ 20 ಕೆ.ಜಿ. ಸಾರಜನಕ ಸಾಕು. ಹುಲ್ಲು ಹಸಿರಾಗಿ ಎದೆಮಟ್ಟ ಬರಲಿ ಅಂತ ಇನ್ನೊಂದು ಮೂಟೆ ಸುರಿಯುವವರು ಬೆಂಕಿ ರೋಗಕ್ಕೆ ತಾವೇ ದಾರಿ ಮಾಡಿಕೊಡುತ್ತಾರೆ.

ಈಗ ಆ ಕಾಳಿನ ವಿಷಯ. ಪೂರ್ತಿ ಜೊಳ್ಳಾದದ್ದು ತೂರುವಾಗ ಹಾರಿಹೋಗುತ್ತದೆ. ಅದು ಇಳುವರಿಯ ನಷ್ಟ, ಲೆಕ್ಕಕ್ಕೆ ಸಿಗುತ್ತದೆ. ಅರ್ಧಂಬರ್ಧ ತುಂಬಿದ ಕಾಳು ಉಳಿದುಕೊಳ್ಳುತ್ತದೆ. ಅದರಲ್ಲಿ ಒಳಗಿನ ಹಿಟ್ಟು ಕಡಿಮೆ, ಮೇಲಿನ ಸಿಪ್ಪೆಯ ಪಾಲು ಜಾಸ್ತಿ. ಬೀಸಿದರೆ ಹಿಟ್ಟು ಕಪ್ಪಗೆ, ತರಿತರಿ. ಇಲ್ಲಿ ಕೂತಿರುವ ಅಕ್ಕಂದಿರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಹಿಟ್ಟಿನ ಕೋಲು ಹಿಡಿದು ತಿರುವುವಾಗಲೇ ಕೈಗೆ ಗೊತ್ತಾಗುತ್ತದೆ, ಮುದ್ದೆ ಕೂಡಿಕೊಳ್ಳುವುದಿಲ್ಲ, ಕಟ್ಟಿದರೆ ಬಿರುಕು ಬಿಡುತ್ತದೆ. ಆಗ ಬೈಸಿಕೊಳ್ಳುವುದು ಗಿರಣಿಯವನು. ಬೈಸಿಕೊಳ್ಳಬೇಕಾದದ್ದು ಸೆಪ್ಟೆಂಬರ್ ತುಂತುರಿನಲ್ಲಿ ಬಂದ ರೋಗ.

ಗೋಧಿಯಲ್ಲೂ ಇದೇ. ಗೋಧಿಗೆ ದೊಡ್ಡ ಶತ್ರು ತುಕ್ಕು ರೋಗ. ಮೂರು ಬಗೆ ಇವೆ: ಕಪ್ಪು ತುಕ್ಕು ಕಾಂಡಕ್ಕೆ, ಕಂದು ತುಕ್ಕು ಎಲೆಗೆ, ಹಳದಿ ತುಕ್ಕು ಎಲೆಯ ಮೇಲೆ ಪಟ್ಟೆಪಟ್ಟೆಯಾಗಿ ಬರುತ್ತದೆ. ಹಳದಿ ತುಕ್ಕಿಗೆ ಚಳಿ ಬೇಕು, ಅದು ಪಂಜಾಬ್, ಹಿಮಾಚಲದ ಕಡೆಯ ತೊಂದರೆ. ನಮ್ಮ ಧಾರವಾಡ, ವಿಜಯಪುರ, ಬಾಗಲಕೋಟೆಯ ಎರೆಭೂಮಿಗೆ ಕಾಟ ಕೊಡುವುದು ಕಪ್ಪು ಮತ್ತು ಕಂದು ತುಕ್ಕು. ಇದು ಎಲ್ಲಿಂದ ಬರುತ್ತದೆ ಗೊತ್ತೇ? ಬೇಸಿಗೆಯಲ್ಲಿ ಬಯಲು ಸೀಮೆಯಲ್ಲಿ ಗೋಧಿ ಇರುವುದಿಲ್ಲ, ಬಿಸಿಲಿಗೆ ಶಿಲೀಂಧ್ರವೂ ಬದುಕುವುದಿಲ್ಲ. ಆದರೂ ಪ್ರತಿ ವರ್ಷ ತುಕ್ಕು ಬರುತ್ತಿತ್ತು. ಆಗ್ರಾದಲ್ಲಿದ್ದ ಕರಮ್‌ಚಂದ್ ಮೆಹ್ತಾ ಎಂಬ ವಿಜ್ಞಾನಿ ವರ್ಷಗಟ್ಟಲೆ ಇದರ ಹಿಂದೆ ಬಿದ್ದರು. ಬೆಟ್ಟಗಳ ತಂಪಿನಲ್ಲಿ ತುಕ್ಕು ವರ್ಷಪೂರ್ತಿ ಉಳಿದಿರುತ್ತದೆ, ಅಲ್ಲಿಂದ ಗಾಳಿ ಹೊತ್ತು ತರುತ್ತದೆ ಅಂತ ತೋರಿಸಿದರು. ದಕ್ಷಿಣಕ್ಕೆ ಆ ಬೆಟ್ಟ ಯಾವುದು? ನೀಲಗಿರಿ ಮತ್ತು ಪಳನಿ. ಊಟಿ ಪಕ್ಕದ ವೆಲ್ಲಿಂಗ್ಟನ್‌ನಲ್ಲಿ ಗೋಧಿ ಸಂಶೋಧನಾ ಕೇಂದ್ರ ಯಾಕಿದೆ ಅಂತ ಈಗ ಅರ್ಥವಾಯಿತಲ್ಲ. ತುಕ್ಕಿನ ಬಾಯಿಗೇ ಗೋಧಿಯನ್ನು ಒಡ್ಡಿ, ಯಾವುದು ಉಳಿಯುತ್ತದೆ ನೋಡುವುದಕ್ಕೆ ಅದಕ್ಕಿಂತ ಒಳ್ಳೆ ಜಾಗವಿಲ್ಲ.

ತುಕ್ಕು ಬಿದ್ದ ಗೋಧಿ ಕಾಳು ಮುದುಡುತ್ತದೆ, ತೂಕ ಬರುವುದಿಲ್ಲ. ಕೆಲವೊಮ್ಮೆ ಪ್ರಯೋಗಾಲಯದಲ್ಲಿ ಅದರ ಪ್ರೋಟೀನ್ ಶೇಕಡಾವಾರು ಜಾಸ್ತಿಯೇ ತೋರಿಸುತ್ತದೆ! ಹಿಟ್ಟಿನ ಭಾಗ ತುಂಬಿಲ್ಲದ್ದರಿಂದ ಪ್ರೋಟೀನ್ ಪಾಲು ದೊಡ್ಡದಾಗಿ ಕಾಣುತ್ತದೆ ಅಷ್ಟೇ. ವಿದ್ಯಾರ್ಥಿಗಳು ಇದನ್ನು ಗಮನದಲ್ಲಿಡಿ. ಶೇಕಡಾ ಎಷ್ಟು ಅಂತ ಯಾರಾದರೂ ಹೇಳಿದರೆ, ಕಾಳಿನ ತೂಕ ಎಷ್ಟು ಅಂತಲೂ ಕೇಳಿ. ಇನ್ನು ಕರ್ನಾಲ್ ಬಂಟ್ ಎಂಬ ರೋಗವಿದೆ. ಹರಿಯಾಣದ ಕರ್ನಾಲ್‌ನಲ್ಲಿ ಮೊದಲು ಗುರುತಿಸಿದ್ದು. ಅದು ಇಳುವರಿಯನ್ನು ಹೆಚ್ಚು ಕದಿಯುವುದಿಲ್ಲ, ಆದರೆ ಕಾಳಿಗೆ ಮೀನಿನ ವಾಸನೆ ಹಿಡಿಸುತ್ತದೆ. ನೂರರಲ್ಲಿ ಮೂರು ಕಾಳು ರೋಗದ್ದಾದರೂ ಸಾಕು, ಆ ಹಿಟ್ಟಿನ ಚಪಾತಿ ತಿನ್ನಲಾಗುವುದಿಲ್ಲ. ಇಳುವರಿ ಮಾತ್ರ ನೋಡುವವನ ಕಣ್ಣಿಗೆ ಈ ರೋಗ ಬೀಳುವುದೇ ಇಲ್ಲ.

ಈಗ ರೋಗ ತಡೆಯುವ ಗುಣದ ಕಡೆ ಬರೋಣ. ಗಿಡಕ್ಕೆ ಈ ಗುಣ ಜೀನ್‌ನಿಂದ ಬರುತ್ತದೆ. ಕೆಲವು ಜೀನ್‌ಗಳು ಒಂದೇ ಏಟಿಗೆ ಶಿಲೀಂಧ್ರವನ್ನು ಪೂರ್ತಿ ತಡೆಯುತ್ತವೆ. ಹೊಲ ಕನ್ನಡಿಯ ಹಾಗೆ ಸ್ವಚ್ಛ. ಇದು ಒಂದೇ ಬೀಗ ಹಾಕಿದ ಮನೆ. ಶಿಲೀಂಧ್ರ ಕೋಟಿಗಟ್ಟಲೆ ಬೀಜಕಣ ಉದುರಿಸುತ್ತದೆ, ಅದರಲ್ಲಿ ಯಾವುದೋ ಒಂದಕ್ಕೆ ಆ ಬೀಗದ ಕೀಲಿ ಸಿಕ್ಕರೆ ಸಾಕು. ಅದೇ ತಳಿ ಲಕ್ಷಾಂತರ ಎಕರೆಯಲ್ಲಿದ್ದರೆ, ಲಕ್ಷಾಂತರ ಎಕರೆಯ ಬಾಗಿಲು ಒಟ್ಟಿಗೆ ತೆರೆಯುತ್ತದೆ. ಇನ್ನೊಂದು ಬಗೆಯ ಜೀನ್‌ಗಳಿವೆ. ಅವು ರೋಗ ಬರುವುದನ್ನು ಪೂರ್ತಿ ನಿಲ್ಲಿಸುವುದಿಲ್ಲ, ನಿಧಾನ ಮಾಡುತ್ತವೆ. ಎಲೆ ಮೇಲೆ ಸ್ವಲ್ಪ ತುಕ್ಕು ಕಾಣುತ್ತದೆ, ಆದರೆ ಅದು ಹರಡುವಷ್ಟರಲ್ಲಿ ಕಾಳು ತುಂಬಿರುತ್ತದೆ. ಗೋಧಿಯ ಎಲ್‌ಆರ್ 34 ಎಂಬ ಜೀನ್ ಹೀಗೆ. ಕಂದು, ಹಳದಿ ಎರಡೂ ತುಕ್ಕನ್ನು ನಿಧಾನ ಮಾಡುತ್ತದೆ, ಬೂದಿ ರೋಗವನ್ನೂ ತಡೆಯುತ್ತದೆ. ಬಹಳ ಹಳೆಯ ತಳಿಗಳಿಂದ ಬಂದದ್ದು, ಇವತ್ತಿಗೂ ಕೆಲಸ ಮಾಡುತ್ತಿದೆ. ಅಂಗಡಿಯಲ್ಲಿ ಬೀಜ ಕೊಳ್ಳುವಾಗ ನಾವು ಮಾತ್ರ 'ಒಂದು ಚುಕ್ಕೆಯೂ ಬರಬಾರದು' ಅಂತ ಕೇಳುತ್ತೇವೆ. ಒಂದೆರಡು ಚುಕ್ಕೆ ಬಂದರೂ ಕಾಳು ತುಂಬುವ ತಳಿ ಹೆಚ್ಚು ದಿನ ಬಾಳುತ್ತದೆ ಅಂತ ನನ್ನ ಅನಿಸಿಕೆ.

ರೋಗ ತಡೆಯುವ ಗುಣ ಕಾಳನ್ನು ಹೇಗೆ ಕೆಡಿಸುತ್ತದೆ ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ. ಅದಕ್ಕೆ ಗೋಧಿಯಲ್ಲಿ ಒಂದು ದೊಡ್ಡ ಉದಾಹರಣೆ ಇದೆ. ಯುರೋಪಿನಲ್ಲಿ ರೈ ಎಂಬ ಧಾನ್ಯ ಬೆಳೆಯುತ್ತಾರೆ, ಗೋಧಿಯ ದೂರದ ನೆಂಟ. ಜೀನ್‌ಗಳು ಸಾಲಾಗಿ ಕೂತಿರುವ ಎಳೆಗೆ ಕ್ರೋಮೋಸೋಮ್ ಅನ್ನುತ್ತಾರೆ. ರೈನ ಒಂದು ಕ್ರೋಮೋಸೋಮಿನ ತುಂಡು ಗೋಧಿಯ ಕ್ರೋಮೋಸೋಮಿಗೆ ಸೇರಿಕೊಂಡಿತು. ಆ ತುಂಡಿನಲ್ಲಿ ಕಪ್ಪು, ಕಂದು, ಹಳದಿ, ಮೂರೂ ತುಕ್ಕಿಗೆ ತಡೆ ಕೊಡುವ ಜೀನ್‌ಗಳಿದ್ದವು. ಇಳುವರಿಯೂ ಚೆನ್ನಾಗಿತ್ತು. ಪ್ರಪಂಚದ ಎಷ್ಟೋ ಗೋಧಿ ತಳಿಗಳಲ್ಲಿ ಆ ತುಂಡು ಸೇರಿಹೋಯಿತು. ನಮ್ಮ ದೇಶದಲ್ಲಿ 1995ರಲ್ಲಿ ಬಂದ ಪಿಬಿಡಬ್ಲ್ಯೂ 343 ಕೂಡ ಅಂಥದ್ದೇ, ಉತ್ತರ ಭಾರತದ ಗೋಧಿ ಹೊಲಗಳನ್ನೆಲ್ಲ ಆವರಿಸಿತು. ಆದರೆ ರೈ ತುಂಡು ಬಂದು ಕೂತ ಜಾಗದಲ್ಲಿ ಮೊದಲು ಗೋಧಿಯ ಅಂಟಿನ ಪ್ರೋಟೀನಿನ ಕೆಲವು ಜೀನ್‌ಗಳಿದ್ದವು. ಅವು ಹೋದವು, ಅವುಗಳ ಬದಲು ರೈನ ಪ್ರೋಟೀನ್ ಬಂತು. ಹಿಟ್ಟು ಕಲಸಿದರೆ ಕೈಗೆ, ಯಂತ್ರಕ್ಕೆ ಮೆತ್ತಿಕೊಳ್ಳುತ್ತದೆ, ಬ್ರೆಡ್ ಚೆನ್ನಾಗಿ ಉಬ್ಬುವುದಿಲ್ಲ. ಹೊಲದಲ್ಲಿ ಗೆದ್ದದ್ದಕ್ಕೆ ಬೇಕರಿಯಲ್ಲಿ ಬೆಲೆ ಕೊಟ್ಟ ಹಾಗಾಯಿತು.

ಅಷ್ಟು ಬೆಲೆ ಕೊಟ್ಟರೂ ಆ ಬೀಗ ಉಳಿಯಿತೇ? ಇಲ್ಲ. 1998ರಲ್ಲಿ ಉಗಾಂಡಾದಲ್ಲಿ ಕಪ್ಪು ತುಕ್ಕಿನ ಹೊಸ ಬಗೆ ಕಂಡಿತು. ಯುಜಿ 99 ಅಂತ ಅದಕ್ಕೆ ಹೆಸರು. ರೈ ತುಂಡಿನ ಕಪ್ಪು ತುಕ್ಕಿನ ತಡೆಯನ್ನು ಅದು ದಾಟಿತು. ನಮ್ಮ ದೇಶಕ್ಕೆ ಆ ಬಗೆ ಬಂದಿಲ್ಲ, ಆದರೆ ಪಿಬಿಡಬ್ಲ್ಯೂ 343 ಬೇರೆ ಕಡೆಯಿಂದ ಬಿತ್ತು, ಅದಕ್ಕೆ ಹಳದಿ ತುಕ್ಕಿನ ಹೊಸ ಬಗೆಗಳು ಹಿಡಿದವು.

ಇದಕ್ಕೆ ತಿರುಗುಮುರುಗಾದ ಒಂದು ಕಥೆಯೂ ಇದೆ, ಅದನ್ನು ಹೇಳದಿದ್ದರೆ ನೀವು ಬೇಜಾರಾಗಿ ಮನೆಗೆ ಹೋಗುತ್ತೀರಿ. ಇಸ್ರೇಲ್ ಕಡೆಯ ಕಾಡು ಗೋಧಿಯಲ್ಲಿ ಕಾಳಿನ ಪ್ರೋಟೀನ್ ಹೆಚ್ಚಿಸುವ ಒಂದು ಜೀನ್ ಸಿಕ್ಕಿತು. ಕಬ್ಬಿಣ, ಸತುವನ್ನೂ ಅದು ಹೆಚ್ಚಿಸುತ್ತದೆ. ಅದರ ಪಕ್ಕದಲ್ಲೇ ಹಳದಿ ತುಕ್ಕನ್ನು ತಡೆಯುವ ಇನ್ನೊಂದು ಜೀನ್ ಇತ್ತು. ಎರಡೂ ಜೊತೆಯಾಗಿಯೇ ಬರುತ್ತವೆ. ರೋಗ ತಡೆದರೆ ಕಾಳು ಕೆಡಲೇಬೇಕು ಅನ್ನುವ ನಿಯಮವೇನೂ ಇಲ್ಲ. ಪಕ್ಕದಲ್ಲಿ ಯಾವ ಜೀನ್ ಕೂತಿದೆ ಅನ್ನುವುದರ ಮೇಲೆ ಹೋಗುತ್ತದೆ.

ಬಣ್ಣದ ವಿಷಯ ಒಂದು ನಿಮಿಷ. 1960ರ ದಶಕದಲ್ಲಿ ತಳಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ ಬೆಳೆಸಿದ ಮೆಕ್ಸಿಕೋದ ಗಿಡ್ಡ ಗೋಧಿ ನಮ್ಮ ದೇಶಕ್ಕೆ ಬಂತು. 1966ರಲ್ಲಿ 18,000 ಟನ್ ಬೀಜ ಹಡಗಿನಲ್ಲಿ ತಂದರು. ತುಕ್ಕು ತಡೆಯುತ್ತಿತ್ತು, ಇಳುವರಿ ಕೊಡುತ್ತಿತ್ತು. ಆದರೆ ಸೊನೋರಾ 64, ಲೆರ್ಮಾ ರೋಹೋ, ಇವುಗಳ ಕಾಳು ಕೆಂಪು. ಜನ ಮೂಗು ಮುರಿದರು, ಮಾರುಕಟ್ಟೆಯಲ್ಲಿ ಬೆಲೆ ಕಡಿಮೆ. ನಮಗೆ ಬೇಕಾದದ್ದು ಹೊಂಬಣ್ಣದ, ಮಿರುಗುವ ಕಾಳು. ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಸೊನೋರಾಕ್ಕೆ ಗಾಮಾ ಕಿರಣ ಹಾಯಿಸಿ ಕೆಂಪು ಕಾಳನ್ನು ಹೊಂಬಣ್ಣಕ್ಕೆ ತಂದರು, ಅದೇ ಶರ್ಬತಿ ಸೊನೋರಾ. ಕಲ್ಯಾಣ್‌ಸೋನಾ, ಸೋನಾಲಿಕಾ ತಳಿಗಳು ಗೆದ್ದದ್ದರಲ್ಲೂ ಕಾಳಿನ ಬಣ್ಣದ ಪಾಲು ದೊಡ್ಡದು. ಹಸಿವಿನ ಕಾಲದಲ್ಲೂ ಜನ ಕಾಳು ನೋಡಿಯೇ ಆರಿಸಿದರು!

ನಮ್ಮ ರಾಜ್ಯದ್ದೇ ಒಂದು ಗೋಧಿ ಇದೆ, ಜವೆ ಗೋಧಿ. ಖಪ್ಲಿ ಅಂತಲೂ ಕರೆಯುತ್ತಾರೆ. ಉತ್ತರ ಕರ್ನಾಟಕದಲ್ಲಿ ಹುಗ್ಗಿಗೆ ಇದೇ ಬೇಕು. ಇದರ ಹೊಟ್ಟು ಬಡಿದರೆ ಬಿಡುವುದಿಲ್ಲ, ಕುಟ್ಟಬೇಕು. ಆ ತಾಪತ್ರಯಕ್ಕೇ ಎಷ್ಟೋ ಜನ ಬಿಟ್ಟರು. ಆದರೆ ಕಪ್ಪು ತುಕ್ಕಿಗೆ ಇದು ಗಟ್ಟಿ. ಖಪ್ಲಿಯಿಂದ ತೆಗೆದ ತುಕ್ಕು ನಿರೋಧಕ ಜೀನ್‌ಗಳು ಇವತ್ತು ಪ್ರಪಂಚದ ಗೋಧಿ ವಿಜ್ಞಾನಿಗಳ ಪಟ್ಟಿಯಲ್ಲಿವೆ, ಎಸ್‌ಆರ್ 13, ಎಸ್‌ಆರ್ 14 ಅಂತ. ಆಸ್ಟ್ರೇಲಿಯಾದವರು ಖಪ್ಲಿಯನ್ನು ತಮ್ಮ ಗೋಧಿಯೊಡನೆ ಕೂಡಿಸಿ ಖಾಪ್‌ಸ್ಟೈನ್ ಎಂಬ ತಳಿ ಮಾಡಿಕೊಂಡರು. ಧಾರವಾಡ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, 1029 ಎಂಬ ಗಿಡ್ಡ ಜವೆ ತಳಿಗಳನ್ನು ಕೊಟ್ಟಿದೆ. ಈಗ ಸಕ್ಕರೆ ಕಾಯಿಲೆಯವರು ಕೇಳಿಕೊಂಡು ಬರುತ್ತಾರೆ ಅಂತ ಪೇಟೆಯಲ್ಲಿ ಅದರ ಬೆಲೆ ಏರಿದೆ. ಇರಲಿ, ಯಾವ ನೆಪದಿಂದಾದರೂ ಉಳಿಯಲಿ.

ಗೋಧಿ ಮತ್ತು ರಾಗಿ ಸೇರುವ ಜಾಗ ಅಂದೆನಲ್ಲ, ಅದು ಬೆಂಕಿ ರೋಗ. ರಾಗಿಯ ಬೆಂಕಿ ರೋಗ, ಭತ್ತದ ಬೆಂಕಿ ರೋಗ, ಗೋಧಿಯ ಬೆಂಕಿ ರೋಗ, ಮೂರಕ್ಕೂ ಕಾರಣ ಒಂದೇ ಕುಲದ ಶಿಲೀಂಧ್ರ. ಒಳಪಂಗಡಗಳು ಬೇರೆ. ಭತ್ತದ್ದು ಸಾಮಾನ್ಯವಾಗಿ ಭತ್ತಕ್ಕೆ, ರಾಗಿಯದ್ದು ರಾಗಿಗೆ. ಗೋಧಿಗೆ ಇದು ಮೊದಲು ಇರಲೇ ಇಲ್ಲ. 1985ರಲ್ಲಿ ಬ್ರೆಜಿಲ್‌ನ ಪರಾನಾದಲ್ಲಿ ಮೊದಲ ಸಲ ಕಾಣಿಸಿತು. ಮೂವತ್ತು ವರ್ಷ ದಕ್ಷಿಣ ಅಮೆರಿಕದಲ್ಲೇ ಇತ್ತು. 2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶದಲ್ಲಿ ಎದ್ದಿತು, ಸುಮಾರು 15,000 ಹೆಕ್ಟೇರ್ ಗೋಧಿಗೆ ತಗುಲಿತು. ತೆನೆ ಬೆಳ್ಳಗೆ ಒಣಗಿ ನಿಂತಿತ್ತು, ಒಳಗೆ ಕಾಳಿಲ್ಲ. ಗಡಿಯ ಈಚೆ ಪಶ್ಚಿಮ ಬಂಗಾಳದ ನಾಡಿಯಾ, ಮುರ್ಶಿದಾಬಾದ್ ಜಿಲ್ಲೆಗಳಲ್ಲಿ ಗೋಧಿ ಬಿತ್ತದಂತೆ ಸರ್ಕಾರ ತಡೆ ಹಾಕಿತು. ಆಗ ಕೈಹಿಡಿದದ್ದು ಒಂದು ಕಾಡು ಹುಲ್ಲಿನ ಕ್ರೋಮೋಸೋಮಿನ ತುಂಡು. ಬಹಳ ಹಿಂದೆ ಫ್ರಾನ್ಸಿನಲ್ಲಿ ಬೇರೆ ರೋಗಕ್ಕಾಗಿ ಅದನ್ನು ಗೋಧಿಗೆ ತಂದಿದ್ದರು, ಅದು ಬೆಂಕಿ ರೋಗವನ್ನೂ ತಡೆಯಿತು. ಬಾಂಗ್ಲಾದೇಶ 2017ರಲ್ಲಿ ಬಾರಿ ಗೊಮ್ 33 ಎಂಬ ತಳಿ ಬಿಡುಗಡೆ ಮಾಡಿತು. ರೋಗ ತಡೆಯುತ್ತದೆ, ಕಾಳಿನಲ್ಲಿ ಸತುವೂ ಜಾಸ್ತಿ. ಕಷ್ಟದ ಕಾಲದಲ್ಲೂ ಕಾಳಿನ ಗುಣ ಮರೆಯದೆ ಕೆಲಸ ಮಾಡಿದ್ದಾರೆ ನೋಡಿ.

ನಮ್ಮ ರಾಗಿಯಲ್ಲಿ ಇದೇ ಕೆಲಸವನ್ನು ಬಹಳ ಮುಂಚೆಯೇ ಮಾಡಿದವರು ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ. ರಾಗಿ ಹೂವು ಎಷ್ಟು ಸಣ್ಣದು ಅಂದರೆ ಕೈಯಲ್ಲಿ ಅಡ್ಡತಳಿ ಮಾಡುವುದು ಕಣ್ಣಿಗೂ ತಾಳ್ಮೆಗೂ ಪರೀಕ್ಷೆ. ಅವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯೊಡನೆ ಕೂಡಿಸಿದರು. ಆಫ್ರಿಕಾದ್ದು ದಪ್ಪ ತೆನೆ, ಗಟ್ಟಿ ಗಿಡ. ನಮ್ಮದು ಬೇಗ ಬರುವಂಥದ್ದು, ಬಾಯಿಗೆ ಒಗ್ಗಿದ್ದು. ಅದರಿಂದ ಇಂಡಾಫ್ ತಳಿಗಳು ಬಂದವು. ಹಸರುಕಂಬಿ, ಗಿಡ್ಡ, ರುದ್ರಜಡೆಯಂಥ ಹಳೆಯ ತಳಿ ಬೆಳೆಯುತ್ತಿದ್ದ ಹೊಲಗಳಲ್ಲಿ ಇಳುವರಿ ಎಲ್ಲಿಂದ ಎಲ್ಲಿಗೋ ಹೋಯಿತು. ಆಮೇಲೆ ಕುತ್ತಿಗೆ ಬೆಂಕಿ ಇಂಡಾಫ್‌ಗೂ ಹಿಡಿಯಿತು. ಆಗ ಇಂಡಾಫ್ 5, ಇಂಡಾಫ್ 9 ಜೊತೆ ರೋಗ ತಡೆಯುವ ಐಇ 1012 ಎಂಬ ಮೂಲ ತಳಿಯನ್ನು ಸೇರಿಸಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಜಿಪಿಯು 28 ತಂದರು. 1990ರ ದಶಕದ ಮಾತು. ರಾಜ್ಯದ ರಾಗಿ ಹೊಲಗಳಲ್ಲಿ ದೊಡ್ಡ ಪಾಲನ್ನು ಅದೇ ಹಿಡಿಯಿತು. ಎಂಎಲ್ 365 ಕೂಡ ಇಂಡಾಫ್ 5 ಮತ್ತು ಅದೇ ಐಇ 1012ರ ಮಗು. 2017ರಲ್ಲಿ ರಾಗಿಯ ಜೀನೋಮ್, ಅಂದರೆ ಅದರ ಜೀನ್‌ಗಳ ಪೂರ್ತಿ ಬರಹ, ಓದಿದಾಗ ಬೆಂಗಳೂರಿನ ತಂಡ ಆರಿಸಿಕೊಂಡದ್ದು ಈ ಎಂಎಲ್ 365 ಅನ್ನೇ.

ಗಮನಿಸಿದಿರಾ? ಎರಡು ಜನಪ್ರಿಯ ತಳಿ, ರೋಗ ತಡೆಯುವ ಮೂಲ ಒಂದೇ. ಇದು ನನಗೆ ಚಿಂತೆಯ ವಿಷಯ. ಪಿಬಿಡಬ್ಲ್ಯೂ 343 ಕಥೆ ಈಗಷ್ಟೇ ಹೇಳಿದೆ. ನಿಮ್ಮೂರಲ್ಲಿ ಎಲ್ಲರೂ ಒಂದೇ ತಳಿ ಬಿತ್ತುತ್ತಿದ್ದರೆ, ಬೇರೆ ಮೂಲದ ಇನ್ನೊಂದಕ್ಕೂ ಜಾಗ ಕೊಡಿ.

ಬಿಳಿ ರಾಗಿ ಬಗ್ಗೆ ಸ್ವಸಹಾಯ ಸಂಘದ ಅಕ್ಕಂದಿರು ಮೊದಲೇ ಚೀಟಿ ಕಳಿಸಿದ್ದರು. ಬಿಳಿ ರಾಗಿಯ ಬಿಸ್ಕತ್ತು, ಮಾಲ್ಟ್ ನೋಡಲು ಚೆನ್ನ. ಪ್ರೋಟೀನೂ ಸಾಮಾನ್ಯವಾಗಿ ಕಂದು ರಾಗಿಗಿಂತ ಜಾಸ್ತಿ. ಆದರೆ ಕಂದು ರಾಗಿಯ ಸಿಪ್ಪೆಯಲ್ಲಿರುವ ಒಗರು ಅಂಶ, ಅಂದರೆ ಪಾಲಿಫಿನಾಲ್, ಶಿಲೀಂಧ್ರಕ್ಕೆ ಆಗದು. ಬಿಳಿ ರಾಗಿಯಲ್ಲಿ ಅದು ಕಡಿಮೆ. ಅದಕ್ಕೇ ಬಿಳಿ ತಳಿಗಳು ಬೆಂಕಿ ರೋಗಕ್ಕೆ, ಬೂಷ್ಟಿಗೆ ಬೇಗ ಬಗ್ಗುತ್ತವೆ. ರೋಗ ತಡೆಯುವ ಗುಣ ಮತ್ತು ಬಾಯಿಯ ರುಚಿ ನೇರವಾಗಿ ಎದುರುಬದುರು ನಿಲ್ಲುವುದು ಇಲ್ಲೇ. ಮಂಡ್ಯದಿಂದ ಕೆಎಂಆರ್ 340 ಎಂಬ ಬಿಳಿ ರಾಗಿ ಬಂದಿದೆ. ಬೇಕರಿ ತಿನಿಸಿಗೆ ಬೆಳೆಯುವುದಾದರೆ ಬೆಳೆಯಿರಿ. ಆದರೆ ತೆನೆ ಬಂದ ಮೇಲೆ ಹೊಲಕ್ಕೆ ಹೆಚ್ಚು ಸಲ ಹೋಗಿ ಬನ್ನಿ, ಕೊಯ್ದದ್ದನ್ನು ಮಳೆಗೆ ಬಿಡಬೇಡಿ. ಇನ್ನೊಂದು ಮಾತು, ಸುಣ್ಣದಂಶ. ನೂರು ಗ್ರಾಂ ರಾಗಿಯಲ್ಲಿ 340ರಿಂದ 360 ಮಿಲಿಗ್ರಾಂ ಕ್ಯಾಲ್ಸಿಯಂ ಅನ್ನುತ್ತೇವಲ್ಲ, ಅದು ತಳಿಯಿಂದ ತಳಿಗೆ ಬದಲಾಗುತ್ತದೆ. ಪೊಟ್ಟಣದ ಮೇಲೆ ಅಚ್ಚು ಹಾಕಿಸುವ ಮುಂಚೆ ನಿಮ್ಮ ಹಿಟ್ಟನ್ನೇ ಪರೀಕ್ಷೆ ಮಾಡಿಸಿ.

ಕೊನೆಯ ಪ್ರಶ್ನೆ, ಗುಬ್ಬಿ ಕಡೆಯ ಹಿರಿಯರದ್ದು. 'ಹೊಸ ತಳಿ ತಗೊಳ್ಳಿ ಅಂತೀರಿ, ಮುದ್ದೆ ಸರಿಯಾಗದಿದ್ದರೆ ಮನೇಲಿ ಯಾರಪ್ಪಾ ತಿಂತಾರೆ?' ನ್ಯಾಯವಾದ ಪ್ರಶ್ನೆ. ಅಣ್ಣ, ಎಲ್ಲವನ್ನೂ ಒಂದೇ ವರ್ಷ ಬದಲಾಯಿಸಬೇಡಿ. ಹೊಲದ ಒಂದು ಪಟ್ಟಿಗೆ ಹೊಸದು ಬಿತ್ತಿ, ಪಕ್ಕದಲ್ಲೇ ಹಳೆಯದಿರಲಿ. ಗೊಬ್ಬರ ಎರಡಕ್ಕೂ ಒಂದೇ ಅಳತೆ. ತೆನೆ ಬಂದಾಗ ಕುತ್ತಿಗೆ ಕಪ್ಪಾದ ತೆನೆ ಎಲ್ಲಿ ಜಾಸ್ತಿ ಅಂತ ಎರಡೂ ಕಡೆ ನೂರು ನೂರು ಎಣಿಸಿ. ಕೊಯ್ದ ಮೇಲೆ ಬೇರೆ ಬೇರೆ ಒಕ್ಕಣೆ ಮಾಡಿ, ಬೇರೆ ಬೇರೆ ಬೀಸಿಸಿ. ಯಾವ ಹಿಟ್ಟು ಯಾವುದು ಅಂತ ಮನೆಯವರಿಗೆ ಹೇಳದೆ ಮುದ್ದೆ ಮಾಡಿಸಿ, ಬಿಸಿಯಲ್ಲೂ ತಿನ್ನಿ, ರಾತ್ರಿಯದ್ದು ಬೆಳಿಗ್ಗೆಯೂ ತಿನ್ನಿ. ಹುಲ್ಲನ್ನು ದನಕ್ಕೆ ಹಾಕಿ ನೋಡಿ, ಅದು ಬಿಟ್ಟ ಹುಲ್ಲಿನ ತಳಿಯನ್ನು ನೀವು ಹೇಗೂ ಮತ್ತೆ ಬಿತ್ತುವುದಿಲ್ಲ. ಆ ಲೆಕ್ಕ ಬರೆದಿಟ್ಟು ಮುಂದಿನ ಮುಂಗಾರಿಗೆ ಮುಂಚೆ ಕೃಷಿ ವಿಜ್ಞಾನ ಕೇಂದ್ರಕ್ಕೆ ತಂದುಕೊಡಿ. ತಳಿ ಮಾಡುವವರಿಗೆ ರೋಗದ ಅಂಕಿ ಸಿಗುತ್ತದೆ. ಮುದ್ದೆಯ ಅಂಕಿ ಅವರಿಗೆ ಸಿಗುವುದು ಕಡಿಮೆ.